ಆಟಿ ಹತ್ತೊಂಬತ್ತರ ಕೆಂಪು

ನನ್ನ ಗಂಡನ ಹೃದಯದಲ್ಲಿ ಒಂದು ಲೋಹದ ಕವಾಟವಿದೆ. ಎಡಗಡೆಯ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯುವಲ್ಲಿ, ಇಳಿದದ್ದು ವಾಪಸು ಮೇಲೇರದಂತೆ ತಡೆಯುವ ಬಾಗಿಲು ಅದು. ಹುಟ್ಟಿನಿಂದ ಬಂದ ಬಾಗಿಲು ಚಿಕ್ಕಂದಿನ ಯಾವುದೋ ಜ್ವರದಿಂದ ದಪ್ಪಗಟ್ಟಿ, ವರ್ಷಗಳ ಮೇಲೆ ಪೂರ್ತಿ ಕೆಟ್ಟಿತ್ತು. ಏಳು ವರ್ಷಗಳ ಹಿಂದೆ ಮೈಸೂರಿನಲ್ಲಿ ಅದನ್ನು ತೆಗೆದು ಇದನ್ನು ಕೂರಿಸಿದರು. ಸುತ್ತ ಸದ್ದಿಲ್ಲದಿದ್ದರೆ ಅದು ಮುಚ್ಚಿಕೊಳ್ಳುವ ಟಿಕ್ ಟಿಕ್ ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ.

ರಕ್ತಕ್ಕೆ ಲೋಹ ಹಿಡಿಸುವುದಿಲ್ಲ. ಮುಟ್ಟಿದ ಕಡೆ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕವಾಟದಲ್ಲೇ ಕೂತರೆ ಬಾಗಿಲು ಸಿಕ್ಕಿಬೀಳುತ್ತದೆ. ಕಿತ್ತು ಹೊರಟು ಮೆದುಳಿನ ನಾಳಕ್ಕೆ ಸಿಕ್ಕಿಕೊಂಡರೆ ಲಕ್ವ. ಆದ್ದರಿಂದ ಜೀವನಪರ್ಯಂತ ದಿನಕ್ಕೊಂದು ಮಾತ್ರೆ. ಜನ ಅದನ್ನು ರಕ್ತ ತೆಳುವಾಗಿಸುವ ಮಾತ್ರೆ ಎನ್ನುತ್ತಾರೆ. ನಿಜಕ್ಕೂ ತೆಳುವಾಗುವುದೇನಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ ಅಷ್ಟೇ. ಎಷ್ಟು ನಿಧಾನ ಎಂದು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಒಂದು ಅಂಕಿ ಕೊಡುತ್ತಾರೆ. ನಿಮ್ಮಲ್ಲಿ, ನನ್ನಲ್ಲಿ ಆ ಅಂಕಿ ಒಂದರ ಆಸುಪಾಸು. ಇವರದು ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕು. ಕಡಿಮೆಯಾದರೆ ಕವಾಟದ ಭಯ, ಜಾಸ್ತಿಯಾದರೆ ಒಳಗೆಲ್ಲೋ ರಕ್ತ ಒಸರುವ ಭಯ.

ನಾನು ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಬೆಳಿಗ್ಗೆ ಐದಕ್ಕೆ ಗಂಟೆ, ಐದೂಕಾಲಿಗೆ ಹಾಸಿಗೆ ಮಡಚಿರಬೇಕು, ಆರಕ್ಕೆ ತಲೆ ಎಣಿಕೆ. ಇಂಥವಳಿಗೆ ಈ ಮಾತ್ರೆ ಹೇಳಿ ಮಾಡಿಸಿದ ಕೆಲಸ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಂಕಣಗಳನ್ನು ಮಾಡಿದೆ. ತಾರೀಕು, ಮಾತ್ರೆ, ಹೊತ್ತು, ಒಸಡು, ಮಲ, ಮೂತ್ರ. ಕೊನೆಯ ಮೂರು ಮೈಸೂರಿನ ಡಾಕ್ಟರ್ ಹೇಳಿದ್ದು. ಒಸಡಿನಲ್ಲಿ ರಕ್ತ ನಿಲ್ಲದಿದ್ದರೆ, ಮಲ ಕಪ್ಪಗಾದರೆ, ಮೂತ್ರ ಕೆಂಪಾದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಹಾಗಾಗಿ ಬೆಳಗಿನ ಹೊತ್ತು ನಾನು ನೋಡದೆ ಇವರು ಫ್ಲಶ್ ಮಾಡುವಂತಿಲ್ಲ.

"ವಾರ್ಡನ್ ಮೇಡಂ, ಇನ್‌ಸ್ಪೆಕ್ಷನ್‌ಗೆ ರೆಡಿ ಉಟ್ಟು," ಎಂದು ಬಚ್ಚಲಿನಿಂದ ಅರೆಭಾಷೆಯಲ್ಲಿ ಕೂಗುವರು; ಉಟ್ಟು ಅಂದರೆ ಇದೆ. ಮೊದಮೊದಲು ಸಿಟ್ಟು ಮಾಡುತ್ತಿದ್ದವರು ಆಮೇಲೆ ಅದನ್ನೊಂದು ತಮಾಷೆ ಮಾಡಿಕೊಂಡಿದ್ದರು. ಆರು ವರ್ಷ ಮೂತ್ರದ ಅಂಕಣದಲ್ಲಿ 'ಸರಿ' ಎಂದಲ್ಲದೆ ಬೇರೆ ಬರೆದದ್ದು ವರ್ಷಕ್ಕೆ ಒಂದೇ ಒಂದು ದಿನ.

ಆ ದಿನ ಆಟಿ ಹತ್ತೊಂಬತ್ತು. ಹಿಂದಿನ ದಿನ, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟಕ್ಕೆ, ನಮ್ಮ ಕೊಡಗಿನ ಕಡೆ ಮದ್ದುಸೊಪ್ಪು ತಿನ್ನದ ಮನೆಯಿಲ್ಲ. ತೋಟದ ಬೇಲಿಯಂಚಿನಲ್ಲಿ ಬೆಳೆಯುವ ಗಿಡ. ದಿನಕ್ಕೊಂದರಂತೆ ಹದಿನೆಂಟು ಮದ್ದು ಅದರೊಳಗೆ ಸೇರಿಕೊಂಡು ಆ ದಿನಕ್ಕೆ ಪೂರ್ತಿಯಾಗುತ್ತದೆ ಎಂದು ಹಿರಿಯರ ನಂಬಿಕೆ. ಬೇಯಿಸಿದರೆ ನೀರು ಕಡುನೇರಳೆ. ಆ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತೇವೆ. ತಿಂದ ಮಾರನೆಯ ದಿನ ಊರಿನ ಎಲ್ಲರ ಮೂತ್ರವೂ ಕೆಂಪು. ಮದ್ದು ಮೈಗೆ ಹತ್ತಿತು ಎನ್ನುವುದಕ್ಕೆ ಅದೇ ಸಾಕ್ಷಿ. ಮಕ್ಕಳು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಾರೆ.

ಇನ್ನು ನನ್ನ ತಪ್ಪಿನ ವಿಷಯ. ಹೋದ ವರ್ಷ ಆಟಿಯ ಎರಡನೇ ವಾರ ಇವರಿಗೆ ದವಡೆ ಹಲ್ಲು ನೋವು ಬಂತು. ಕೆನ್ನೆ ಊದಿಕೊಂಡಿತು. ಹಲ್ಲಿನ ಡಾಕ್ಟರಿಗೆ ಮಡಿಕೇರಿಗೆ ಹೋಗಬೇಕು. ಇವರಿಗೆ ಬಸ್ಸಿನಲ್ಲಿ ಕೂತು ಆ ತಿರುವುಗಳಲ್ಲಿ ಕುಲುಕಲು ಮನಸ್ಸಿಲ್ಲ.

"ಎರಡು ದಿನ ನೋಡುವ," ಎಂದರು. "ಹಲ್ಲಲ್ವಾ, ಎಲ್ಲಿಗೆ ಓಡಿಹೋಗ್ತದೆ?"

ನನ್ನ ಬಳಿ ಮದ್ದಿನ ಡಬ್ಬಿಯಿದೆ. ಅದರಲ್ಲಿ ಉಳಿದ ಮಾತ್ರೆಗಳು ಲಕೋಟೆಗಳಲ್ಲಿ, ಮೇಲೆ ನನ್ನ ಕೈಬರಹದ ಚೀಟಿಯೊಂದಿಗೆ ಇರುತ್ತವೆ. ಆ ಬೇಸಿಗೆಯಲ್ಲಿ ನನ್ನ ಹಲ್ಲು ಕೀಳಿಸಿದಾಗ ಡಾಕ್ಟರು ಮೊದಲು ಐದು ದಿನಕ್ಕೆ, ಕಿತ್ತ ಮೇಲೆ ಇನ್ನೈದು ದಿನಕ್ಕೆ ಎಂದು ಮಾತ್ರೆ ಬರೆದಿದ್ದರು. ಎರಡನೆಯದು ಬೇಕಾಗಲಿಲ್ಲ. 'ಹಲ್ಲಿನ ಕೀವು, ದಿನಕ್ಕೆ ಮೂರು, ಐದು ದಿನ' ಎಂದು ಬರೆದು ಇಟ್ಟಿದ್ದೆ. ತಾರೀಕು ನೋಡಿದೆ, ಮೀರಿರಲಿಲ್ಲ. ಹದಿಮೂರರಿಂದ ಹದಿನೇಳರವರೆಗೆ, ಊಟದ ನಂತರ, ಒಂದೂ ತಪ್ಪಿಸದೆ ಕೊಟ್ಟೆ. ಊತ ಇಳಿಯಿತು. ನೋಟ್‌ಬುಕ್ಕಿನಲ್ಲಿ ಇದನ್ನು ಬರೆಯಲಿಲ್ಲ. ಆ ಪುಸ್ತಕ ಹೃದಯದ್ದು; ಹಲ್ಲಿಗೆ ಅಂಕಣವಿರಲಿಲ್ಲ.

ಹದಿನೆಂಟಕ್ಕೆ ಪಾಯಸ ಮಾಡಿದೆ. ಸೊಪ್ಪು ಸದೆ ಹೆಚ್ಚುಕಮ್ಮಿಯಾದರೆ ಇವರ ಅಂಕಿ ಏರುಪೇರಾಗುತ್ತದೆಂದು ಒಂದೇ ಲೋಟ ಅಳೆದು ಕೊಟ್ಟೆ. ಪಕ್ಕದ ಮನೆಯಲ್ಲೇ ಇರುವ ಅತ್ತಿಗೆ, ಇವರ ಅಕ್ಕ, ಸಂಜೆ ಒಂದು ತಟ್ಟೆಯಲ್ಲಿ ಮದ್ದುಸೊಪ್ಪಿನ ಹಲ್ವ ತಂದರು. ಎಪ್ಪತ್ತೆಂಟಾದರೂ ಬೇಲಿ ದಾಟಿಯೇ ಬರುವವರು.

"ನಿನ್ನ ಲೋಟದ ಅಳತೆ ನನ್ನ ತಮ್ಮಂಗೆ ಸಾಲದ್," ಎಂದು ತಟ್ಟೆ ಇಟ್ಟು ಹೋದರು. ಅದನ್ನು ಎತ್ತಿ ಕಪಾಟಿನಲ್ಲಿಟ್ಟೆ.

ಹತ್ತೊಂಬತ್ತರ ಬೆಳಿಗ್ಗೆ ಕೆಂಪು. ನನ್ನದೂ ಕೆಂಪು. 'ಕೆಂಪು, ಸೊಪ್ಪು' ಎಂದು ಬರೆದೆ. ಕಾರಣವನ್ನೂ ಅದೇ ಗೆರೆಯಲ್ಲಿ ಬರೆದುಬಿಟ್ಟಿದ್ದೆ.

ಇಪ್ಪತ್ತಕ್ಕೆ ನನ್ನದು ತಿಳಿಯಾಗಿತ್ತು. ಇವರದು ಇನ್ನೂ ಕೆಂಪು. ನಿಂತು ನೋಡಿದೆ. ಬಣ್ಣದಲ್ಲಿ ಏನೋ ವ್ಯತ್ಯಾಸ ಕಂಡಿತು. ಸೊಪ್ಪಿನದು ನೇರಳೆ ಮಿಶ್ರಿತ ಗುಲಾಬಿ. ಇದು ಕಂದು, ಹಾಲಿಲ್ಲದ ಚಹಾದಂತೆ. ಪಾಯಸವಲ್ಲದೆ ಬೇರೇನಾದರೂ ತಿಂದಿರಾ ಎಂದು ಕೇಳಿದೆ.

"ರಾತ್ರಿ ಹಲ್ವ ತಿಂದೆ," ಎಂದರು. "ಎರಡು ತುಂಡು. ಇಲ್ಲೆ, ಎರಡಲ್ಲ, ಮೂರು."

"ಕಪಾಟಿನಲ್ಲಿಟ್ಟದ್ದನ್ನು ಯಾಕೆ ತೆಗೆದಿರಿ?"

"ಕಪಾಟಿಗೆ ಬೀಗ ಇರಲಿಲ್ಲ ಮೇಡಂ."

ಆ ಹೊತ್ತಿಗೆ ಅತ್ತಿಗೆಯೂ ಬಂದರು. ನನ್ನ ಮುಖ ನೋಡಿ, ವಿಷಯ ಕೇಳಿ, ಕೂತು ನಕ್ಕರು. "ಎಂತ ಮೋರೆ ಅದ್? ಅದಕ್ಕೂ ಪುಸ್ತಕದಲ್ಲಿ ಲೆಕ್ಕ ಬರೆಯುವವಳು ಈ ಊರಲ್ಲಿ ನೀನೊಬ್ಬಳೇ. ಮೂರು ತುಂಡು ತಿಂದವನಿಗೆ ಮೂರು ದಿನ ಕೆಂಪು."

ನನಗೆ ಆ ಮಾತು ಬೇಕಾಗಿತ್ತು. ಅದನ್ನು ಹಿಡಿದುಕೊಂಡೆ. 'ಕೆಂಪು, ಸೊಪ್ಪು (ಹಲ್ವ)' ಎಂದು ಬರೆದೆ. ಮಧ್ಯಾಹ್ನ ತೋಟದಿಂದ ಬಂದಾಗ ಇವರ ಕಾಲಿಗೆ ಜಿಗಣೆ ಹತ್ತಿತ್ತು. ಜಿಗಣೆ ಕಚ್ಚಿದಲ್ಲಿ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ, ಅದು ನಮಗೆಲ್ಲ ಗೊತ್ತು. ಈ ಮಾತ್ರೆ ತಿನ್ನುವವರಿಗೆ ಇನ್ನೂ ತಡ. ಬಟ್ಟೆ ಕಟ್ಟಿದೆ. ನಾಲ್ಕು ಗಂಟೆಗೆ ಬದಲಾಯಿಸಿದೆ. ಏಳಕ್ಕೆ ಮತ್ತೆ ಬದಲಾಯಿಸಿದೆ. ಮೂರನೆಯ ಬಟ್ಟೆಯೂ ನೆಂದಿತ್ತು. ಹೆದರಿಕೆ ಒಳಗಿತ್ತು, ಆದರೆ ಅದಕ್ಕೆ ಹೆಸರಿಡಲು ನಾನು ತಯಾರಿರಲಿಲ್ಲ. ಸಂಜೆ ಆರರ ಹೃದಯದ ಮಾತ್ರೆಯನ್ನು ಎಂದಿನಂತೆ ಆರು ಗಂಟೆಗೇ ಕೊಟ್ಟಿದ್ದೆ.

ಇಪ್ಪತ್ತೊಂದರ ಬೆಳಿಗ್ಗೆ ಬಚ್ಚಲಿನಿಂದ ಕೂಗು ಬರಲಿಲ್ಲ. ಬಾಗಿಲು ತಟ್ಟಿದೆ. ಇವರು ಗೋಡೆ ಹಿಡಿದು ನಿಂತಿದ್ದರು. "ಹೊಟ್ಟೆಯ ಕೆಳಗೆ ಹಿಡ್ಕೊಂಡಂಗೆ ಆಗ್ತುಟ್ಟು," ಎಂದರು. ಮೇಡಂ ಎನ್ನಲಿಲ್ಲ.

ನಾನು ಬಗ್ಗಿ ನೋಡಿದೆ. ನೀರೆಲ್ಲ ಕೆಂಪು. ತಳದಲ್ಲಿ ಎರಡು ಮೂರು ಕಪ್ಪು ತುಣುಕುಗಳು, ಪಿತ್ತಜನಕಾಂಗದ ಚೂರುಗಳಂತೆ ನುಣುಪಾಗಿ. ಸೊಪ್ಪಿನ ಬಣ್ಣ ಎಷ್ಟೇ ಗಾಢವಾಗಲಿ, ಅದು ಬಣ್ಣ, ಅದು ಗಟ್ಟಿಯಾಗುವುದಿಲ್ಲ. ಹೆಪ್ಪುಗಟ್ಟುವುದು ರಕ್ತ ಮಾತ್ರ.

ಮೂವತ್ತೊಂದು ವರ್ಷದಲ್ಲಿ ಹಾಸ್ಟೆಲಿನಲ್ಲಿ ಬೆಂಕಿ ನೋಡಿದ್ದೇನೆ, ಫಿಟ್ಸ್ ಬಂದ ಹುಡುಗಿಯರನ್ನು ಹಿಡಿದಿದ್ದೇನೆ. ಏನು ಮೊದಲು, ಏನು ಆಮೇಲೆ ಎಂಬುದು ತಾನಾಗಿ ಬರುತ್ತಿತ್ತು. ಆ ಬೆಳಿಗ್ಗೆ ಏನೂ ಬರಲಿಲ್ಲ. ಎಂಟು ಗಂಟೆಗೆ ಬಸ್ಸಿದೆ, ಅಷ್ಟರೊಳಗೆ ತಿಂಡಿ ಮುಗಿಸಬಹುದು ಎಂದು ನಾನು ಯೋಚಿಸುತ್ತಿದ್ದೆ. ಅತ್ತಿಗೆ ಬಂದು ಒಮ್ಮೆ ಬಚ್ಚಲಿಗೆ ಇಣುಕಿ, ಮೇಲಿನ ಮನೆಯ ಜೀಪಿಗೆ ಫೋನ್ ಮಾಡಿದರು.

ಮಡಿಕೇರಿ ತಲುಪಲು ಮುಕ್ಕಾಲು ಗಂಟೆ. ಮಂಜಿತ್ತು, ಜೀಪಿನವನು ದೀಪ ಹಾಕಿ ನಿಧಾನ ಹೋದ. ಇವರು ನನಗೂ ಅತ್ತಿಗೆಗೂ ನಡುವೆ ಕೂತಿದ್ದರು. ಪ್ರತಿ ಹೊಂಡಕ್ಕೂ ನಾನು ಇವರ ತಲೆಗೆ ಕೈ ಅಡ್ಡ ಹಿಡಿದೆ. ಹೊರಗಿನ ಪೆಟ್ಟು ಗಾಯವಾಗಿ ಕಾಣುತ್ತದೆ, ತಲೆಯೊಳಗಿನ ನಾಳ ಒಸರಿದರೆ ಯಾರಿಗೆ ಕಾಣುತ್ತದೆ? ಐದು ನಿಮಿಷಕ್ಕೊಮ್ಮೆ ಇವರನ್ನು ಮಾತಾಡಿಸಿದೆ. ಇವತ್ತು ಯಾವ ವಾರ? ನಮ್ಮ ನಾಯಿಗೆ ಎಷ್ಟು ಮರಿ?

"ನನಗೆ ಉಚ್ಚೆಯಲ್ಲಿ ರಕ್ತ ಬಂದದ್ದು, ತಲೆ ಕೆಟ್ಟದ್ದಲ್ಲ," ಎಂದರು. ಆದರೂ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟರು. ಇವರಿಗೂ ಅದೇ ಭಯವಿತ್ತೆಂದು ಅದರಿಂದ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಚಿಕ್ಕ ಪ್ರಾಯದ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ನನ್ನ ನೋಟ್‌ಬುಕ್ಕಿನ ಪುಟ ತಿರುವಿ, "ಇಷ್ಟು ಚೆನ್ನಾಗಿ ಯಾರೂ ಬರೆಯಲ್ಲಮ್ಮಾ," ಎಂದಳು. ಆಮೇಲೆ 'ಕೆಂಪು, ಸೊಪ್ಪು' ಎಂದಿದ್ದ ಕೊನೆಯ ಎರಡು ಗೆರೆ ಓದಿ ತಲೆಯೆತ್ತಿದಳು.

"ಬೇರೆ ಏನಾದರೂ ಮಾತ್ರೆ ಕೊಟ್ಟಿದ್ದೀರಾ?"

"ಇಲ್ಲ," ಎಂದೆ. ಪುಸ್ತಕದಲ್ಲಿ ಇರಲಿಲ್ಲವಲ್ಲ.

ಪರೀಕ್ಷೆಯ ಫಲಿತಾಂಶ ಬಂದಾಗ ಅಂಕಿ ಒಂಬತ್ತು ದಾಟಿತ್ತು. ನಾನು ಚೀಟಿಯನ್ನು ತಿರುಗಿಸಿ ನೋಡಿದೆ, ಹೆಸರು ಸರಿಯಿದೆಯೇ ಎಂದು. ಡಾಕ್ಟರ್ ನಿಂತುಕೊಂಡೇ ಹೇಳಿದಳು. ರಕ್ತ ಹೆಪ್ಪುಗಟ್ಟಿಸುವ ವಸ್ತುಗಳು ಪ್ಲಾಸ್ಮಾದಲ್ಲಿ ಇರುತ್ತವೆ, ಅಂದರೆ ಕಣಗಳನ್ನು ತೆಗೆದ ಮೇಲೆ ಉಳಿಯುವ ಹಳದಿ ನೀರಿನಲ್ಲಿ. ಅದನ್ನು ತಕ್ಷಣ ಕೊಡಬೇಕು. ಜೊತೆಗೆ ಮಾತ್ರೆಯ ಪರಿಣಾಮ ಇಳಿಸುವ ಇಂಜೆಕ್ಷನ್ ಸ್ವಲ್ಪವೇ ಸ್ವಲ್ಪ. ಜಾಸ್ತಿ ಕೊಟ್ಟರೆ ಕವಾಟದಲ್ಲಿ ಹೆಪ್ಪು ಕೂರುತ್ತದೆ. ಕಡಿಮೆ ಕೊಟ್ಟರೆ ಒಸರುವುದು ನಿಲ್ಲುವುದಿಲ್ಲ. "ಎರಡು ಕಡೆಯೂ ಗುಂಡಿ ಇದೆ ಅಮ್ಮಾ," ಎಂದಳು. "ನಡುವೆ ನಡೀಬೇಕು. ಗುಂಪು ಯಾವುದು?"

"ಎಬಿ ಪಾಸಿಟಿವ್." ಇದನ್ನು ಹೇಳುವಾಗ ನನಗೆ ಸ್ವಲ್ಪ ಧೈರ್ಯ ಬಂತು. ಆಪರೇಷನ್ ಆದಾಗಿನಿಂದ ಇವರು ಆ ಗುಂಪಿನ ಬಗ್ಗೆ ಜಂಬ ಕೊಚ್ಚುತ್ತಿದ್ದರು. ಎಬಿಯವರಿಗೆ ಯಾರ ರಕ್ತವೂ ಆಗುತ್ತದೆ. ನನ್ನದು ಓ, ನಾನು ಎಲ್ಲರಿಗೂ ಕೊಡಬಹುದು, ತೆಗೆದುಕೊಳ್ಳುವುದು ಓ ಗುಂಪಿನವರಿಂದ ಮಾತ್ರ. "ನೀ ಕೊಡುವವಳು, ನಾ ತಕೊಳ್ಳುವವ. ಜಾತಕ ಸರಿಯಾಗೇ ಕೂಡಿ ಬಂದುಟ್ಟು," ಎನ್ನುತ್ತಿದ್ದರು.

"ನನ್ನದೇ ತೆಗೆದುಕೊಳ್ಳಿ, ನನ್ನದು ಓ," ಎಂದು ತೋಳು ಸರಿಸಿದೆ.

ಡಾಕ್ಟರ್ ತಲೆಯಾಡಿಸಿದಳು. "ಆ ಲೆಕ್ಕ ಕೆಂಪು ಕಣಗಳಿಗೆ. ಪ್ಲಾಸ್ಮಾಕ್ಕೆ ಲೆಕ್ಕ ಉಲ್ಟಾ. ಇವರ ಕಣಗಳ ಮೇಲೆ ಎ ಗುರುತೂ ಇದೆ, ಬಿ ಗುರುತೂ ಇದೆ. ನಿಮ್ಮ ಪ್ಲಾಸ್ಮಾದಲ್ಲಿ ಆ ಎರಡನ್ನೂ ಹೊಡೆಯುವ ಅಂಶ ಇದೆ. ಕೊಟ್ಟರೆ ಇವರ ಕಣಗಳೇ ಒಡೆಯುತ್ತವೆ. ಇವರಿಗೆ ಎಬಿಯವರದ್ದೇ ಬೇಕು. ಎಬಿಯವರು ಕಮ್ಮಿ."

ರಕ್ತನಿಧಿಗೆ ಫೋನ್ ಹೋಯಿತು. ನಾನು ಡಾಕ್ಟರ್ ತುಟಿಯನ್ನೇ ನೋಡುತ್ತಿದ್ದೆ. ಬೇಕಾದದ್ದು ಮೂರು ಚೀಲ. ಇದ್ದದ್ದು ಎರಡು. ಅದನ್ನು ಮಂಜುಗಡ್ಡೆಯಾಗಿಸಿ ಕಲ್ಲಿನಂತೆ ಇಟ್ಟಿರುತ್ತಾರೆ. ಹದಬಿಸಿ ನೀರಿನಲ್ಲಿ ಕರಗಿಸಿ ತರಲು ಅರ್ಧ ಗಂಟೆ. ಮೂರನೆಯದಕ್ಕೆ ಮೈಸೂರಿಗೆ ಹೇಳಿದರು.

ಆ ಅರ್ಧ ಗಂಟೆ ಅತ್ತಿಗೆ ಮತ್ತು ನಾನು ಹೊರಗಿನ ಬೆಂಚಿನಲ್ಲಿ ಕೂತೆವು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ನನ್ನ ಹಲ್ವಂದ ಆತಾ?" ಎಂದು ಕೇಳಿದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಇಲ್ಲ ಅತ್ತಿಗೆ. ಸೊಪ್ಪಿನಿಂದ ರಕ್ತ ಬರುವುದಿಲ್ಲ."

"ಮತ್ತೆ ಎಂತದ್ದರಿಂದ? ಮಾತ್ರೆ ನೀ ತಪ್ಪಿಸುವವಳಲ್ಲ. ಹಲ್ಲಿಗೆ ಕೊಟ್ಟದ್ದೂ ಗಡಿಯಾರ ನೋಡಿಯೇ ಕೊಟ್ಟಿದ್ದೆ."

ನಾನು ಇಲ್ಲ ಎಂದಿದ್ದೆ. ಡಾಕ್ಟರ್ ನೇರವಾಗಿ ಕೇಳಿದಾಗ ಇಲ್ಲ ಎಂದಿದ್ದೆ.

ಎದ್ದು ಹೋದೆ. ಆಕೆ ಬೇರೊಬ್ಬ ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದಳು. ಕಾಯಲಿಲ್ಲ. "ನಾನು ತಪ್ಪು ಹೇಳಿದೆ," ಎಂದೆ. "ಹಲ್ಲುನೋವಿಗೆ ಮಾತ್ರೆ ಕೊಟ್ಟಿದ್ದೇನೆ. ನನಗೆ ಬರೆದುಕೊಟ್ಟದ್ದು." ಮಾತ್ರೆಯ ಹೆಸರು ನೆನಪಿತ್ತು, ಹೇಳಿದೆ.

ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದಳು. "ಎಷ್ಟು?"

"ದಿನಕ್ಕೆ ಮೂರು. ಐದು ದಿನ. ಒಂದೂ ತಪ್ಪಿಸಿಲ್ಲ."

ಅಭ್ಯಾಸಬಲದಿಂದ ಆ ಕೊನೆಯ ಮಾತು ಬಾಯಿಂದ ಬಂದಿತ್ತು. ನಾಚಿಕೆಯಿಂದ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆಕೆ ಬೈಯಲಿಲ್ಲ. ಆ ಮಾತ್ರೆ ಮತ್ತು ಹೃದಯದ ಮಾತ್ರೆ ಒಟ್ಟಿಗೆ ಹೋದರೆ, ಹೃದಯದ ಮಾತ್ರೆ ಮೈಯಿಂದ ಬೇಗ ಕರಗಿ ಹೋಗದೆ ಉಳಿದುಬಿಡುತ್ತದೆ, ಒಂದು ತಿಂದದ್ದು ಎರಡು ಮೂರು ತಿಂದಂತಾಗುತ್ತದೆ ಎಂದಳು. "ಹೇಳಿದ್ದು ಒಳ್ಳೆಯದಾಯಿತು. ಹಲ್ಲಿನ ಮಾತ್ರೆ ನಿಂತು ನಾಲ್ಕು ದಿನ ಆಗಿದೆ. ಅಂಕಿ ತಾನಾಗೇ ಇಳಿಯೋಕೆ ಶುರುವಾಗಿರುತ್ತೆ, ಅದಕ್ಕೆ ಇಂಜೆಕ್ಷನ್ ಇನ್ನೂ ಕಮ್ಮಿ ಕೊಡ್ತೀನಿ." ಬರೆದಿಟ್ಟಿದ್ದ ಚೀಟಿಯಲ್ಲಿ ಇಂಜೆಕ್ಷನ್ನಿನ ಅಳತೆಯ ಅಂಕಿಯನ್ನು ಹೊಡೆದು ಬೇರೆ ಬರೆದಳು.

ನಾನು ಹೇಳದಿದ್ದರೆ ಆ ಹಳೆಯ ಅಳತೆಯೇ ಇವರ ರಕ್ತಕ್ಕೆ ಹೋಗುತ್ತಿತ್ತು. ಈಗಲೂ ಆ ಹೊಡೆದ ಅಂಕಿ ಕಣ್ಣ ಮುಂದೆ ಬರುತ್ತದೆ.

ಹಳದಿ ಚೀಲಗಳು ಬಂದವು. ನರ್ಸ್ ಕೇರಳದವಳು, ಚೀಲದ ಮೇಲಿನ ಗುಂಪು, ಸಂಖ್ಯೆ, ಇವರ ಕೈಪಟ್ಟಿಯ ಗುಂಪು, ಸಂಖ್ಯೆ, ಎಲ್ಲವನ್ನೂ ಇನ್ನೊಬ್ಬಳೊಂದಿಗೆ ಗಟ್ಟಿಯಾಗಿ ಓದಿ ತಾಳೆ ನೋಡಿದಳು. ಆ ಓದು ಕೇಳುವಷ್ಟು ಹೊತ್ತು ಮಾತ್ರ ನನಗೆ ಉಸಿರು ಸರಾಗ ಬಂತು. "ಅಮ್ಮಾ, ಪೇಡಿಕ್ಕೇಂಡ, ಹೆದರ್ಬೇಡಿ," ಎಂದಳು. ನಾನು ಹೆದರಿದ್ದು ಆಕೆಗೆ ಕಾಣುತ್ತಿದೆ ಎಂದಮೇಲೆ ಇವರಿಗೂ ಕಾಣುತ್ತಿತ್ತು.

ಹನಿ ಹನಿಯಾಗಿ ಇಳಿಯುತ್ತಿದ್ದಾಗ ಇವರಿಗೆ ಹೇಳಿದೆ. ಹಲ್ಲಿನ ಮಾತ್ರೆಯಿಂದ ಆದದ್ದು, ಕೊಟ್ಟವಳು ನಾನು, ಕೇಳಿದಾಗ ಇಲ್ಲ ಎಂದವಳೂ ನಾನು.

"ಹಲ್ಲುನೋವಂತೂ ಹೋತು," ಎಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದರು. ಬಿಡಲಿಲ್ಲ. ಆ ಹಿಡಿತ ತಮಾಷೆಯದ್ದಾಗಿರಲಿಲ್ಲ.

ಸಂಜೆಗೆ ಅಂಕಿ ನಾಲ್ಕೂವರೆಗೆ ಇಳಿಯಿತು. ಮೈಸೂರಿನ ಚೀಲ ಬಂದರೂ ಬೇಕಾಗಲಿಲ್ಲ. ಮೂತ್ರಕ್ಕೆ ಹಾಕಿದ್ದ ನಳಿಗೆಯಲ್ಲಿ ಕೆಂಪು ತಿಳಿಯಾಗುತ್ತ ಬಂತು. ಅತ್ತಿಗೆ ದೇವರಿಗೆ ಕೈಮುಗಿದರು. ನನಗೆ ಮುಗಿಯಲಾಗಲಿಲ್ಲ, ಯಾಕೆಂದರೆ ಈಗ ಇನ್ನೊಂದು ಗುಂಡಿಯ ಸರದಿ. ಇಳಿಯುತ್ತಿರುವ ಅಂಕಿ ಎಲ್ಲಿ ನಿಲ್ಲುತ್ತದೆ? ಮಾರನೆಯ ದಿನವೆಲ್ಲ ಇವರು ಮಾತಾಡುವಾಗ ಬಾಯಿ ಸೊಟ್ಟಗಾಗಿದೆಯೇ ನೋಡಿದೆ. ನೀರಿನ ಲೋಟವನ್ನು ಒಮ್ಮೆ ಎಡಗೈಗೆ, ಒಮ್ಮೆ ಬಲಗೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು.

ಮೂರನೆಯ ದಿನ ಅಂಕಿ ಎರಡು ಮುಕ್ಕಾಲು. ಇವತ್ತಿನಿಂದ ಮತ್ತೆ ಮಾತ್ರೆ ಶುರು ಎಂದಳು ಡಾಕ್ಟರ್. ತಿಂದರೆ ಹೀಗಾಯಿತು, ತಿನ್ನದಿದ್ದರೆ ಕವಾಟ ನಿಲ್ಲುತ್ತದೆ. ಬೇರೆ ದಾರಿಯಿಲ್ಲ.

ಆರು ಗಂಟೆಗೆ ನರ್ಸ್ ಮಾತ್ರೆಯನ್ನು ಸಣ್ಣ ಕಾಗದದ ಬಟ್ಟಲಿನಲ್ಲಿ ತಂದಳು. ಇವರು ಕೈ ಚಾಚಲಿಲ್ಲ. "ಅವಳ ಕೈಗೆ ಕೊಡಿ ಸಿಸ್ಟರ್," ಎಂದರು. "ಅವಳು ಕೊಟ್ಟರೇ ನಾ ತಿನ್ನೋದು."

"ಬೇಡ," ಎಂದೆ. "ನೀವೇ ತೆಗೆದುಕೊಳ್ಳಿ."

"ಆರು ವರ್ಷ ನಾ ಒಂದು ದಿನವೂ ನೋಡಿ ತಿಂದದ್ದಲ್ಲ. ಈಗ ಹೊಸತಾಗಿ ಕಲೀಬೇಕಾ?"

ಬಟ್ಟಲು ನನ್ನ ಕೈಗೆ ಬಂತು. ಅಂಗೈಗೆ ಸುರಿದುಕೊಂಡೆ. ಒಂದು ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸಿಸ್ಟರ್ ಹಿಡಿದಿದ್ದ ಚೀಟಿಯಲ್ಲಿ ಹೆಸರು ಓದಿದೆ. ಸಿಸ್ಟರಿಗೂ ಓದಲು ಹೇಳಿದೆ. ಹೊತ್ತು ಹೇಳಿದೆ. ಇವತ್ತು ಬೇರೆ ಯಾವ ಮಾತ್ರೆ ಹೋಗಿದೆ ಎಂದು ಕೇಳಿದೆ, ಆಕೆ ಒಂದೊಂದಾಗಿ ಹೇಳಿದಳು. ಆಮೇಲೂ ನನ್ನ ಕೈ ಮುಂದೆ ಹೋಗಲಿಲ್ಲ. ಇವರು ಬಾಯಿ ತೆರೆದು ಕಾಯುತ್ತಿದ್ದರು, ಕಣ್ಣು ನನ್ನ ಮೇಲೆಯೇ ಇತ್ತು. ಮಾತ್ರೆಯನ್ನು ಅವರ ನಾಲಿಗೆಯ ಮೇಲಿಟ್ಟೆ.